ಗಾಳಿಯಂತ್ರದ ಹಿಡಿಕೆ

ಮೊಣಕಾಲು ನೋವಿಗೆ ಅಂತ ಮಗಳು ಕೊಪ್ಪಳದಿಂದ ಬಿಸಿನೀರು ತುಂಬುವ ರಬ್ಬರ್ ಚೀಲ ತಂದುಕೊಟ್ಟಳು. ಪೆಟ್ಟಿಗೆ ಬಿಚ್ಚಿದೆ. ಮೇಲೆ ಸವರಿದ್ದ ಬಿಳಿ ಪುಡಿ ಬೆರಳಿಗೆ ಹತ್ತಿತು, ಹೊಸ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಐವತ್ತು ವರ್ಷ ಕಳೆದರೂ ಆ ವಾಸನೆಗೆ ನನ್ನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ.

"ಯಾಕವ್ವಾ, ಮನಸಿಗೆ ಬರಲಿಲ್ಲೇನು?" ಅಂದಳು ಮಗಳು.

"ಬಂದೈತಿ ಬಿಡು" ಅಂದೆ.

ಅದು ಉಸ್ತಾದರು ತಂದಿದ್ದ, ನೀರಿನ ತಳಕ್ಕಿಳಿಯುವ ಉಡುಗೆಯ ವಾಸನೆ. ದೊಡ್ಡ ಯುದ್ಧ ಮುಗಿದ ಮರುವರ್ಷ ಇರಬೇಕು. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ನಾವು ವಿರೂಪಾಪುರಗಡ್ಡೆಯಲ್ಲಿದ್ದೆವು, ನಮ್ಮ ಮನೆಯವರು ಹರಿಗೋಲು ಹಾಕುತ್ತಿದ್ದರು. ಹೊಳೆಯ ಮೇಲ್ಗಡೆ ಆಣೆಕಟ್ಟು ಕಟ್ಟುತ್ತಾರೆ, ನೀರಿನೊಳಗಿನ ಬಂಡೆ ನೋಡಲಿಕ್ಕೆ ಮುಳುಗುವವರು ಬೇಕು ಅಂತ ಸುದ್ದಿ ಬಂತು. ನಮ್ಮ ಮನೆಯವರೂ ಇನ್ನು ನಾಲ್ಕು ಜನ ಅಂಬಿಗರೂ ಹೆಸರು ಕೊಟ್ಟರು. ಅವರಿಗೆ ನಮ್ಮ ಗಡ್ಡೆಯ ಮಡುವಿನಲ್ಲೇ ಕಲಿಸಲಿಕ್ಕೆ ಬಂದವರನ್ನು, ಕುಸ್ತಿ ಕಲಿಸುವವರನ್ನು ಕರೆಯುವ ಹಾಗೆ, ಎಲ್ಲರೂ ಉಸ್ತಾದರು ಅಂತ ಕರೆದೆವು.

ಅವರ ಊರು ತಳಕಲ್. ಹೊಳೆ ಇಲ್ಲದ ಊರು. ಬಾವಿಯಲ್ಲಿ ಈಜು ಕಲಿತು, ಹಡಗಿನ ಪಲಟಣ ಸೇರಿ, ಯುದ್ಧ ನಡೆದಷ್ಟು ಕಾಲ ಸಮುದ್ರದ ತಳಕ್ಕಿಳಿಯುವ ಕೆಲಸ ಮಾಡಿ ಬಂದವರು. "ಬಾವ್ಯಾಗಿನ ಕಪ್ಪಿ ಹೊಳಿ ಮೀನಿಗೆ ಈಜು ಕಲಸಾಕ ಬಂದೈತಿ" ಅಂತ ನಮ್ಮ ಮನೆಯವರು ರಾತ್ರಿ ಊಟಕ್ಕೆ ಕೂತಾಗ ನಗೆಯಾಡಿದ್ದರು. ಮರುದಿನ ಆ ಉಡುಗೆ ನೋಡಿದ ಮೇಲೆ ಅವರ ನಗೆ ಅಡಗಿತು.

ಕಾಲಿನಿಂದ ಕುತ್ತಿಗೆಯವರೆಗೆ ಒಂದೇ ರಬ್ಬರ್ ಬಟ್ಟೆ. ಮುಂಗೈಗೆ ಸಾಬೂನು ಹಚ್ಚದೆ ಕೈ ಹೊರಗೆ ಬರುತ್ತಿರಲಿಲ್ಲ. ಕಾಲಿಗೆ ಸೀಸದ ಬೂಟು, ಎದೆಗೆ ಬೆನ್ನಿಗೆ ಸೀಸದ ಗಟ್ಟಿ. ತಲೆಗೆ ಗಾಜಿನ ಕಿಟಕಿಯಿದ್ದ ತಾಮ್ರದ ದೊಡ್ಡ ಟೋಪಿ, ನಮ್ಮ ಬಚ್ಚಲಮನೆಯ ಹಂಡೆ ಬೋರಲು ಹಾಕಿದಂತೆ. ಅದನ್ನು ತಿರುಪಿ ಬಿಗಿದ ಮೇಲೆ ಒಳಗಿದ್ದವನಿಗೆ ಈ ಲೋಕದ ಗಾಳಿ ಇಲ್ಲ. ದೋಣಿಯ ಮೇಲಿನ ಯಂತ್ರದಿಂದ ಒಂದು ಉದ್ದನೆಯ ಕೊಳವೆಯಲ್ಲಿ ಏನು ಹೋಗುತ್ತದೋ ಅದೇ ಉಸಿರು. ಯಂತ್ರಕ್ಕೆ ಎರಡೂ ಕಡೆ ಗಾಲಿ, ಗಾಲಿಗೊಂದು ಹಿಡಿಕೆ. ಇಬ್ಬರು ಎದುರುಬದುರು ನಿಂತು ತಿರುಗಿಸುತ್ತಲೇ ಇರಬೇಕು.

ಮೊದಲು ಗಂಡಸರೇ ತಿರುಗಿಸಿದರು. ಒಮ್ಮೆ ಜೋರು, ಒಮ್ಮೆ ನಿಧಾನ, ನಡುವೆ ಬೀಡಿಗೆ ಒಂದು ಕೈ. ಉಸ್ತಾದರು ಮೂರು ದಿನ ನೋಡಿದರು. ನಾಲ್ಕನೆಯ ದಿನ ನಸುಕಿನಲ್ಲಿ ನಮ್ಮ ಮನೆಯ ಮುಂದೆ ಹಾದು ಹೋಗುವಾಗ ನಾನೂ ನನ್ನ ನೆಗೆಣ್ಣಿಯೂ ಜೋಳ ಬೀಸುವ ಸದ್ದು ಕೇಳಿ ನಿಂತರಂತೆ. ಕಲ್ಲಿನ ಸದ್ದು ಒಂದೇ ಸಮ ಇತ್ತು. ಬೆಳಗಾದ ಮೇಲೆ ಬಂದು ಮಾವನನ್ನು ಕೇಳಿದರು: "ಯಜಮಾನ್ರ, ನಿಮ್ಮ ಸೊಸೆಂದ್ರನ್ನ ಕೆಲಸಕ್ಕ ಕಳಸ್ರಿ. ನಿಮ್ಮ ಮಗನ ಉಸಿರು ಅವರ ಕೈಯಾಗ ಛಲೋ ಇರತೈತಿ."

ಮಾವನಿಗೆ ಮನಸ್ಸಿರಲಿಲ್ಲ. ಕೂಲಿಯ ಮಾತು ಕೇಳಿ ಹೂಂ ಅಂದರು, ಆದರೆ ದೋಣಿ ನಿಲ್ಲುವ ದಂಡೆಯ ಕಡೆ ಕಾಲಿಡಲಿಲ್ಲ.

ಉಸ್ತಾದರು ಕಲಿಸುವುದೆಲ್ಲ ಪಲಟಣದ ಶಿಸ್ತು. ಮುಳುಗಿದವನು ಸೊಂಟದ ಹಗ್ಗ ಒಂದು ಸಲ ಜಗ್ಗಿದರೆ ಅರಾಮ ಇದ್ದೀನಿ, ನಾಲ್ಕು ಸಲ ಜಗ್ಗಿದರೆ ಎತ್ತಿ. ಎತ್ತುವಾಗ ನಿಧಾನ, ಇಲ್ಲದಿದ್ದರೆ ಕಿವಿ ಹೋಗುತ್ತದೆ. ಇದನ್ನೆಲ್ಲ ದಿನಾ ಬೆಳಿಗ್ಗೆ ಮಗ್ಗಿಯಂತೆ ಒಪ್ಪಿಸಬೇಕು. ಯಂತ್ರದ ಮುಳ್ಳು ನೋಡಲಿಕ್ಕೆ ನನಗೆ ಅಂಕಿ ಕಲಿಸಿದ್ದು ಅವರೇ. ಅಕ್ಷರ ಆಮೇಲೆ ಮಗಳ ಪುಸ್ತಕದಿಂದ ಕಲಿತೆ, ಅಂಕಿ ಮಾತ್ರ ಅವರ ಭಿಕ್ಷೆ. ನಮಗೆ ಬೇರೆ ಪಾಠವನ್ನೂ ಹೇಳಿದ್ದರು: "ಸಾಹೇಬ ಬರಲಿ, ಹಾವು ಬರಲಿ, ಸಿಡ್ಲು ಹೊಡೀಲಿ, ಹಿಡಿಕಿ ಬಿಡಬ್ಯಾಡ್ರಿ ತಂಗಿ. ಕೈ ನಿಂತ್ರ ಉಸಿರು ನಿಂತಂಗ."

ನಮ್ಮ ಮನೆಯವರು ಮಡುವಿಗೆ ಇಳಿದರೆ ನಾನು ಹಿಡಿಕೆ ತಿರುಗಿಸುತ್ತಾ ನೀರನ್ನೇ ನೋಡುತ್ತಿದ್ದೆ. ನೀರಿನ ಮೇಲೆ ಗುಳ್ಳೆ ಬರುತ್ತಿದ್ದವು. ಆ ಗುಳ್ಳೆ ಬಿಟ್ಟು ಬೇರೆ ಕಡೆ ನನ್ನ ಕಣ್ಣು ಹೋಗುತ್ತಿರಲಿಲ್ಲ. ತಡವಾದರೆ ಉಸ್ತಾದರ ಮುಖ ನೋಡುತ್ತಿದ್ದೆ. ಅಲ್ಲಿ ಗಾಬರಿ ಕಾಣದಿದ್ದರೆ ಮತ್ತೆ ಗುಳ್ಳೆ ನೋಡುತ್ತಿದ್ದೆ.

ಆ ದಿನ ಆಕಾಶ ಶುಭ್ರವಾಗಿತ್ತು, ಹೊಳೆ ಶಾಂತವಾಗಿತ್ತು. ನಮ್ಮ ಮನೆಯವರು ಬಂಡೆಯ ಸಂದಿಗೆ ಇಳಿದಿದ್ದರು. ಉಸ್ತಾದರು ದೋಣಿಯ ಆ ತುದಿಯಲ್ಲಿ ಕೊಳವೆ ನೋಡಿಕೊಳ್ಳುತ್ತಿದ್ದರು. ಗಂಗಾವತಿಯಿಂದ ಯಾರೋ ನೆಂಟರು ಬಂದಿದ್ದಾರೆ, ಮಗನನ್ನು ಕರೆಯಬೇಕು ಅಂತ ಹರಿಗೋಲಿನಲ್ಲಿ ಒಬ್ಬರು ಬಂದು, ನನ್ನ ಬೆನ್ನ ಹಿಂದಿನಿಂದ ದೋಣಿ ಹತ್ತಿದರು. ಕೆಮ್ಮಿದರು.

ಮಾವನ ಕೆಮ್ಮು.

ನಮ್ಮ ಮನೆಯಲ್ಲಿ ಮಾವ ಒಳಗೆ ಬಂದರೆ ಸೊಸೆಯಂದಿರು ಬೀಸುವುದನ್ನೂ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಪಕ್ಕಕ್ಕೆ ಸರಿದು ನಿಲ್ಲಬೇಕು. ಎರಡು ವರ್ಷ ದಿನಾ ಹಾಗೇ ಮಾಡಿದ್ದೆ. ಅಂದೂ ಹಾಗೇ ಮಾಡಿದೆ. ಕೈ ಮಾಡಿತು, ತಲೆಗೆ ಗೊತ್ತೇ ಆಗಲಿಲ್ಲ. ಎದುರಿಗಿದ್ದ ನೆಗೆಣ್ಣಿಯೂ ನನ್ನನ್ನು ನೋಡಿ ಸರಿದಳು. ಇಬ್ಬರೂ ಕಾಲಡಿಯ ಹಲಗೆ ನೋಡುತ್ತಾ ನಿಂತೆವು. ಗಾಲಿ ಒಂದೆರಡು ಸುತ್ತು ತಾನೇ ತಿರುಗಿ ನಿಂತಿತು...

ಎಷ್ಟು ಹೊತ್ತು ನಿಂತಿದ್ದೆವೋ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಉಸ್ತಾದರು ಹಲಗೆಯ ಮೇಲೆ ಓಡಿ ಬಂದ ಸದ್ದಿಗೆ ತಲೆ ಎತ್ತಿದೆ. ನೀರಿನ ಮೇಲೆ ಗುಳ್ಳೆ ಇರಲಿಲ್ಲ. ಅವರು ಒಬ್ಬರೇ ಹಿಡಿಕೆ ಹಿಡಿದು ತಿರುಗಿಸತೊಡಗಿದರು. ಆದರೆ ಗುಳ್ಳೆ ನಿಂತದ್ದನ್ನು ಹಗ್ಗ ಹಿಡಿದವನೂ ಕಂಡಿದ್ದ. ಗಾಬರಿಬಿದ್ದು ಸರಸರನೆ ಎಳೆದುಬಿಟ್ಟ. "ನಿಧಾನ! ನಿಧಾನ!" ಅಂತ ಉಸ್ತಾದರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಟೋಪಿ ಬಿಚ್ಚಿದಾಗ ನಮ್ಮ ಮನೆಯವರ ತುಟಿ ನೀಲಿಗಟ್ಟಿತ್ತು. ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಕಣ್ಣು ಬಿಟ್ಟರು. ಜೀವ ಉಳಿಯಿತು. ಆ ಕಿವಿ ಮಾತ್ರ ಮತ್ತೆ ಕೇಳಲಿಲ್ಲ.

ಸಂಜೆ ಮೇಲಿನ ಸಾಹೇಬರು ಬಂದು, ಯಂತ್ರ ಯಾಕೆ ನಿಂತಿತು ಅಂತ ವಿಚಾರಣೆ ಮಾಡಿದರು. ಹಗ್ಗದವನ ಕಣ್ಣು ನೀರಿನ ಮೇಲಿತ್ತು, ಅವನಿಗೆ ಗೊತ್ತಿಲ್ಲ. ಮಾವನಿಗೆ ಸೊಸೆಯಂದಿರು ಸರಿದು ನಿಲ್ಲುವುದು ದಿನನಿತ್ಯದ ಮಾತು, ಅದಕ್ಕೂ ಇದಕ್ಕೂ ಸಂಬಂಧ ಇದೆಯೆಂದು ಅವರಿಗೆ ಹೊಳೆಯಲೇ ಇಲ್ಲ. ನಾನು ಬಾಯಿ ತೆರೆಯಬೇಕಿತ್ತು. ಮಗನನ್ನು ಕೊಲ್ಲಹೊರಟವಳು ಅಂತ ತವರಿಗೆ ಅಟ್ಟುತ್ತಾರೆ ಎಂಬ ಹೆದರಿಕೆಗೆ ಸೆರಗು ಮುಂದಕ್ಕೆ ಎಳೆದುಕೊಂಡೆ, ನೆಗೆಣ್ಣಿಯೂ ಹಾಗೇ ಮಾಡಿದಳು. ಉಸ್ತಾದರು ನನ್ನ ಕಡೆ ಒಂದು ಸಲ ನೋಡಿದರು.

"ನಾನ ನಿಲ್ಲಸ್ರಿ ಅಂತ ಹೇಳಿದ್ದೆ ಸಾಹೇಬ್ರ. ನಂದ ತಪ್ಪು."

ಅವರ ಕೆಲಸ ಹೋಯಿತು. ಮರುದಿನ ಟ್ರಂಕು ಹೊತ್ತು ಹರಿಗೋಲಿಗೆ ನಡೆಯುವಾಗ ನಾನು ನೀರು ತರುವ ನೆಪ ಮಾಡಿ ದಾರಿಯಲ್ಲಿ ನಿಂತೆ. ಸೆರಗಿನಿಂದ ಕಣ್ಣೀರು ಒರೆಸಿಕೊಂಡೆ. ಅವರೇ ಹೇಳಿದರು: "ಪಲಟಣದಾಗ ನಮಗ ಮೊದಲನೇ ಪಾಠ, ಯಂತ್ರದ ಮುಂದ ನಿಂತಾಗ ಎಂಥಾ ಅಧಿಕಾರಿ ಬಂದ್ರೂ ಸಲಾಮು ಹೊಡೀಬಾರದು ಅಂತ. ಅದನ್ನ ನಿಮಗ ಹೇಳಿದೆ. ಮಾವ ಬರತಾರ ಅನ್ನೂದು ನೆನಪಾಗಲಿಲ್ಲ ನೋಡವಾ. ನಾನೂ ಈ ನಾಡಾಗ ಹುಟ್ಟಿದಾವ, ನನಗ ಗೊತ್ತಿರಬೇಕಿತ್ತು." ಅಷ್ಟೇ. ಆಮೇಲೆ ಅವರನ್ನು ನಾನು ನೋಡಲಿಲ್ಲ. ತಳಕಲ್ ಕಡೆಯವರು ಸಿಕ್ಕಾಗಲೆಲ್ಲ ಕೇಳುತ್ತಿದ್ದೆ. ಮುಂಬಯಿಗೆ ಹೋದರು ಅಂತ ಒಬ್ಬರು, ತೀರಿಹೋದರು ಅಂತ ಇನ್ನೊಬ್ಬರು...

ನಮ್ಮ ಮನೆಯವರು ಆಮೇಲೆ ನಲವತ್ತು ವರ್ಷ ಬಾಳಿದರು. ಯಾರದಾದರೂ ಮಾತು ಕೇಳಿಸದೆ ಹೋದಾಗಲೆಲ್ಲ "ಆ ಉಸ್ತಾದ ನನ್ನ ಕಿವಿ ತಿಂದ" ಅನ್ನುತ್ತಿದ್ದರು. ನಾನು ಅವರ ಬಲಕ್ಕೆ ಕೂತು ಮಾತಾಡುವುದನ್ನು ಕಲಿತೆ. ಒಮ್ಮೆ, ಅವರಿಗೆ ಕಾಯಿಲೆ ಜೋರಾದಾಗ, ಧೈರ್ಯ ಮಾಡಿ ಎಲ್ಲ ಹೇಳಿಬಿಟ್ಟೆ. ಮಾವನ ಕೆಮ್ಮು, ಸೆರಗು, ನಿಂತ ಗಾಲಿ, ಎಲ್ಲ. ಎಡಕ್ಕೆ ಕೂತು, ಪಿಸುದನಿಯಲ್ಲಿ ಹೇಳಿದೆ.

ತುಟಿ ಆಡುವುದು ಕಂಡಿತೇನೋ, ತಿರುಗಿ "ಏನಂದಿ?" ಅಂದರು.

"ಏನಿಲ್ರಿ, ನೀರು ಕಾದಾವು, ಮುಖ ತೊಳೀತೀರೇನು ಅಂದೆ" ಅಂದೆ.

ಅವರೂ ಹೋಗಿ ವರ್ಷಗಳಾದವು. ಕಥೆ ಮಾತ್ರ ಮನೆಯಲ್ಲಿ ಉಳಿದು ಬೆಳೆದಿದೆ. ನಿನ್ನೆ ಮೊಮ್ಮಗ ಗೆಳೆಯನಿಗೆ ಹೇಳುತ್ತಿದ್ದ: "ನಮ್ಮ ಮುತ್ಯಾನ ಕಿವಿ ಹೋಗಿದ್ದು ಒಬ್ಬ ಕುಡುಕ ಉಸ್ತಾದನಿಂದ." ಒಳಗಿನಿಂದ ಕೂಗಿದೆ, "ಅವರು ಕುಡೀತಿರಲಿಲ್ಲೋ ತಮ್ಮಾ!"

ಇಷ್ಟು ವರ್ಷಕ್ಕೆ ಅವರ ಪರವಾಗಿ ನನ್ನ ಬಾಯಿಂದ ಬಂದದ್ದು ಅಷ್ಟೇ.