ಗಾಂಧಿ ಗಂಜಿನಲ್ಲಿ ಸುಳ್ಳು ಹೇಳಿದ ಪೆಟ್ಟಿಗೆ

ಶಕುನ, ಮುನ್ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಚಹಾ ಕುಡಿಯಲು ಹೋಗುವವಳು. ಪ್ರೋಗ್ರಾಂ ಬರೆದು ಬದುಕುವವಳಿಗೆ ಅದೆಲ್ಲ ಏಕೆ ಬೇಕು? ಯಂತ್ರ ತಪ್ಪಿದರೆ ಬರೆದವರು ತಪ್ಪಿದ್ದಾರೆ, ಮುಗಿಯಿತು! ಈಗ ನಾನೇ ಅಂಥದೊಂದು ಸಂಗತಿ ಹೇಳಲು ಕೂತಿದ್ದೇನೆ, ನಗುವವರು ನಗಲಿ.

ನಾನು ಭಾಲ್ಕಿಯವಳು. ಬೀದರಿನ ಚಿದ್ರಿಯಲ್ಲಿ ಒಂದು ಕೋಣೆ ಹಿಡಿದು, ಔರಾದಿನ ಗೌತಮನ ಜೊತೆ ಸೇರಿ, ಯಂತ್ರಗಳನ್ನು ನಡೆಸುವ ಪುಟ್ಟ ಪೆಟ್ಟಿಗೆಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಆ ವರ್ಷ ತೊಗರಿ ಸುಗ್ಗಿಯ ಹೊತ್ತಿಗೆ ಬೀದರಿನ ಕಾಳಿನ ಪೇಟೆಯಾದ ಗಾಂಧಿ ಗಂಜಿನ ಹಳೆಯ ಗೋದಾಮೊಂದರಲ್ಲಿ ಚೀಲಗಳನ್ನು ಮಹಡಿಗೆ ಏರಿಸುವ ಲಿಫ್ಟ್ ಕೂಡಿಸಿದ್ದರು. ಭಾರ ಮಿತಿ ಮೀರಿದರೆ ನಮ್ಮ ಪೆಟ್ಟಿಗೆ ಕೆಂಪು ದೀಪ ಹಚ್ಚಿ ಲಿಫ್ಟನ್ನು ನಿಲ್ಲಿಸಬೇಕು. ಭಾಲ್ಕಿಯ ದಾಲ್ ಮಿಲ್ಲೊಂದರಲ್ಲಿ ಇಂಥದೇ ಪೆಟ್ಟಿಗೆ ಚೆನ್ನಾಗಿ ನಡೆದಿತ್ತು. ಸುಗ್ಗಿಯ ಅವಸರ ನೋಡಿ, ಅದೇ ಪ್ರೋಗ್ರಾಂ ತಂದು ಇಲ್ಲಿಯೂ ಹಾಕಿದೆವು. ನಮ್ಮ ಕಡೆ ಕೆಲಸ ಸಾಗುವುದೇ ಹಾಗೆ, ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ! ಭಾರ ಅಳೆಯುವ ಸೆನ್ಸರ್ ಮಾತ್ರ ಹೊಸ ನಮೂನೆಯದು.

ಹಮಾಲರ ಮುಖಂಡ ರೇವಣಪ್ಪ ಕಾಕಾ. ಒಳಗಿನ ಚೀಲ ತರಬೇಕೆಂದರೆ ಲಿಫ್ಟಿನ ಕೆಳಗಿಂದಲೇ ದಾರಿ. ಅದಕ್ಕೇ ಅವರು ಬೆಳಿಗ್ಗೆಯೇ ತಮ್ಮ ಜನರಿಗೆ ಒಂದು ಕಾಯ್ದೆ ಮಾಡಿಬಿಟ್ಟಿದ್ದರು. ಕೆಂಪು ದೀಪ ಹತ್ತಿತೋ, ಎಲ್ಲರೂ ಹೊರಗೆ ಬಂದು ತಂಬಾಕು ತಿಕ್ಕುವುದು.

ಖಾಲಿ ಲಿಫ್ಟನ್ನು ಏರಿಸಿ ಇಳಿಸಿದೆವು. ಭಾರ ಸೊನ್ನೆ ಎಂದು ತೋರಿಸಿತು, ಸರಿಯೇ. ಮಧ್ಯಾಹ್ನ ಮೊದಲ ಬಾರಿಗೆ ಚೀಲ ಹೇರಿದರು. ಗಂಜಿನ ಗದ್ದಲದಲ್ಲಿ ಪರದೆಯ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ಲಿಫ್ಟ್ ಅರ್ಧಕ್ಕೆ ಏರಿತ್ತು, ಟಪ್ಪನೆ ಕೆಂಪು ದೀಪ!

“ಯವ್ವಾ, ಇದ್ಯಾಕ ನಿಂತದ? ಇಷ್ಟಕ್ಕೇ ದಣೀತೇನು?” ಎಂದರು ಕಾಕಾ, ಲಿಫ್ಟಿನ ಕೆಳಗೆ ಹೊರಟಿದ್ದವರು.

ಗೌತಮ ಪರದೆ ನೋಡಿ ನಕ್ಕ. “ಅಕ್ಕಾ, ಪೆಟ್ಗಿ ಸುಳ್ಳ ಹೇಳ್ಲಾಕತ್ತದ್ರಿ. ಲಾರಿ ಭಾರ ತೋರಸ್ಲಾಕತ್ತದ!”

ನನಗೆ ಸಿಟ್ಟು ನೆತ್ತಿಗೇರಿತು. ಊರ ಮಂದಿಯ ಎದುರು ಮರ್ಯಾದೆ ಹೋಯಿತಲ್ಲ! ಬಂದ್ ಮಾಡಿ ಮತ್ತೆ ಹಚ್ಚೋಣವೆಂದು ಸ್ವಿಚ್ಚಿಗೆ ಕೈ ಹಾಕಿದೆ. “ಕಾಯ್ದೆ ಅಂದ್ರ ಕಾಯ್ದೆ. ನಡೀರಿ ಹೊರಗ,” ಎಂದು ಕಾಕಾ ತಮ್ಮವರನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಅಷ್ಟರಲ್ಲಿ ಲಿಫ್ಟನ್ನು ಹೊತ್ತಿದ್ದ ಮೇಲಿನ ತೊಲೆ ಹಳೆಯ ಗೋಡೆಯಿಂದ ಕಿತ್ತು ಬಂತು. ತೊಲೆ, ಲಿಫ್ಟ್, ಚೀಲ ಎಲ್ಲವೂ ಧಡಾರನೆ ಆ ದಾರಿಯ ಮೇಲೇ ಬಿದ್ದವು.

ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಕಾ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರು, ಒಬ್ಬೊಬ್ಬರೂ ಓಗೊಟ್ಟರು. ಕೊನೆಯವನು “ಇದೀನ್ರಿ ಕಾಕಾ” ಎಂದ. ಆಗ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ದೇವರಾಣೆ ಗೊತ್ತಿಲ್ಲ.

ಪೆಟ್ಟಿಗೆಗೆ ಮೊದಲೇ ಗೊತ್ತಿತ್ತು ಎಂದು ಗಂಜಿನ ತುಂಬ ಸುದ್ದಿಯಾಯಿತು. ಛೇ, ತೊಲೆ ಬಾಗಿದ್ದು ಸೆನ್ಸರಿಗೆ ತಿಳಿದಿದೆ ಅಷ್ಟೇ ಎಂದು ವಾದಿಸಿದೆ. ಅದನ್ನು ತೋರಿಸಿಯೇ ತೀರುತ್ತೇನೆಂದು ಪೆಟ್ಟಿಗೆಯನ್ನೂ ಸೆನ್ಸರನ್ನೂ ಚಿದ್ರಿಗೆ ಹೊತ್ತು ತಂದೆವು. ಪ್ರೋಗ್ರಾಂ ತೆರೆದು ನೋಡಿದರೆ ನನ್ನ ವಾದವೇ ಬಿದ್ದುಹೋಯಿತು!

ಪ್ರೋಗ್ರಾಮಿನಲ್ಲಿ ಪ್ರತಿ ಮಾಹಿತಿಗೂ ಒಂದು ಜಾಗ, ಜಾಗಕ್ಕೊಂದು ವಿಳಾಸ ಇರುತ್ತದೆ. ಆ ವಿಳಾಸ ಹಿಡಿದಿಡುವುದು ಪಾಯಿಂಟರ್. ಅಲ್ಲಿರುವುದು ಯಾವ ಬಗೆಯದು, ಎಷ್ಟು ದೊಡ್ಡದು ಎಂದೂ ಹೇಳಿರುತ್ತೇವೆ. ‘ಅದನ್ನು ಬೇರೆ ಬಗೆಯದೆಂದು ತಿಳಿದುಕೋ’ ಎಂದು ಬಲವಂತ ಮಾಡುವುದೇ ಕಾಸ್ಟಿಂಗ್. ತೊಗರಿ ಚೀಲದ ಚೀಟಿ ಕಿತ್ತು ಕಡಲೆ ಎಂದು ಬರೆದರೆ ಒಳಗಿನ ಕಾಳು ಬದಲಾಗುತ್ತದೆಯೇ? ಹೊಸ ಸೆನ್ಸರ್ ಕಳಿಸುತ್ತಿದ್ದ ಮಾಹಿತಿ ಚಿಕ್ಕದು. ನಾವು ಹಾಕಿದ್ದ ಕಾಸ್ಟಿನಿಂದ ನಮ್ಮ ಪ್ರೋಗ್ರಾಂ ಅದನ್ನು ಹಳೆಯ ಸೆನ್ಸರಿನ ಮಾಹಿತಿಯಷ್ಟೇ ದೊಡ್ಡದೆಂದು ನಂಬಿ, ಗಡಿ ದಾಟಿ, ಪಕ್ಕದ ಜಾಗದಲ್ಲಿದ್ದದ್ದನ್ನು ಭಾರ ಎಂದು ಓದುತ್ತಿತ್ತು. ಅಂದರೆ ಲಿಫ್ಟಿನ ಭಾರ ಅದಕ್ಕೆ ತಿಳಿದೇ ಇರಲಿಲ್ಲ!

ಆ ಪಕ್ಕದ ಜಾಗವಾದರೂ ಯಾರೂ ಬಳಸದ ಖಾಲಿ ಜಾಗ. ಅಲ್ಲಿ ಸದಾ ಸೊನ್ನೆಯೇ ಇರಬೇಕು. ನಾವು ಪೆಟ್ಟಿಗೆಯನ್ನು ಕುಲುಕಿದೆವು, ಬಿಸಿ ಮಾಡಿದೆವು, ಸೆನ್ಸರಿಗೆ ಭಾರ ಹೇರಿದೆವು, ಕರೆಂಟು ಏರುಪೇರು ಮಾಡಿದೆವು. ಸೊನ್ನೆ, ಬರೀ ಸೊನ್ನೆ. ಕೆಂಪು ದೀಪ ಮತ್ತೆಂದೂ ಹತ್ತಲಿಲ್ಲ.

“ಗಡಿ ದಾಟಿ ಓದಿದ ಮ್ಯಾಲ ಏನ್ ಬೇಕಾದ್ರೂ ಬರಬಹುದು ಅಕ್ಕಾ. ಅದಕ್ಕ ಅರ್ಥ ಹುಡುಕಬ್ಯಾಡ್ರಿ,” ಎಂದ ಗೌತಮ. ಸರಿಯಾದ ಮಾತು, ಒಪ್ಪಿದೆ. ಆದರೆ ಏನು ಬೇಕಾದರೂ ಬರಬಹುದಾಗಿದ್ದಾಗ, ಅದೇ ಯಾಕೆ ಬಂತು, ಆಗಲೇ ಯಾಕೆ ಬಂತು?

ಪ್ರೋಗ್ರಾಂ ತಿದ್ದಿದೆವು. ಈಗ ಬಂದ ಮಾಹಿತಿಯ ಬಗೆ ಮತ್ತು ಉದ್ದ ನೋಡಿಯೇ ಮುಂದಿನ ಮಾತು. ಹೊಂದದಿದ್ದರೆ ಲಿಫ್ಟ್ ಜಗ್ಗುವುದಿಲ್ಲ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಚ್ಚರಿಕೆ ಕೊಟ್ಟರೆ ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸುವ ಚಾಳಿಗೂ ಮಂಗಳ ಹಾಡಿದೆವು. ಗೋದಾಮಿನವರು ಕಬ್ಬಿಣದ ಕಂಬ ನಿಲ್ಲಿಸಿ ಹೊಸ ಲಿಫ್ಟ್ ಕೂಡಿಸಿದರು. ಪೆಟ್ಟಿಗೆ ಹಚ್ಚುವ ದಿನ ಕಾಕಾ ನನ್ನ ಪಕ್ಕ ಬಂದು ನಿಂತರು.

“ಇನ್ನ ಸುಳ್ಳ ಹೇಳಂಗಿಲ್ಲೇನವ್ವಾ ಇದು?”

“ಇಲ್ಲ ಕಾಕಾ, ಖರೇ ಸರಿ ಮಾಡೀವಿ,” ಎಂದೆ, ಹೆಮ್ಮೆಯಿಂದ.

ಅವರು ಮೇಲೆ ನೋಡಿದರು. “ಹಂಗಾರ ಅವತ್ತ ನಿಂತಂಗ ಇನ್ನ ನಿಲ್ಲಂಗೂ ಇಲ್ಲ?”

ನಾನು ಸ್ವಿಚ್ ಹಚ್ಚಿದೆ. ಪರದೆಯ ಮೇಲೆ ಸೊನ್ನೆ ಮೂಡಿತು.