ಹಡಗಲಿಯಲ್ಲಿ ಬರೆದ ವರದಿ

ಬೆಳಗ್ಗೆ ಆರೂವರೆಗೆ ಕೂಡ್ಲಿಗಿಯಲ್ಲಿ ಕೊಟ್ಟೂರಿನ ಬಸ್ಸು ಹತ್ತಿದೆ. ಹೆಂಗಸಾದ್ದರಿಂದ ನನಗೆ ಪ್ರಯಾಣ ಉಚಿತ. ಕಂಡಕ್ಟರ್ ನನ್ನ ಮಡಚುವ ಏಣಿಯನ್ನು ನೋಡಿ, "ನಿಮಗ ಫ್ರೀ ಐತ್ರಿ, ಇದಕ್ಕಿಲ್ಲ" ಎಂದು ಲಗೇಜಿನ ಟಿಕೆಟ್ ಕೊಟ್ಟ.

ಮನೆ ಕೊಳ್ಳುವವರ ಪರವಾಗಿ ಅದನ್ನು ತಪಾಸಣೆ ಮಾಡಿ ವರದಿ ಬರೆದುಕೊಡುವುದು ನನ್ನ ಕಸುಬು. ಶುರುಮಾಡಿ ಎರಡು ವರ್ಷವಾಯಿತು. ಮನೆಯೊಂದಕ್ಕೆ ಒಂದೂವರೆ ಸಾವಿರ. ಗೋಡೆಯ ತೇವ ಅಳೆಯುವ ಯಂತ್ರಕ್ಕೇ ಹದಿನೆಂಟು ಸಾವಿರ ಹಾಕಿದ್ದೆ. ತಿಂಗಳಿಗೆ ಮೂರು ಮನೆ ಸಿಕ್ಕರೆ ಹೆಚ್ಚು. ಆಟೊ, ಊಟ, ಫೋಟೊ ಪ್ರಿಂಟು ಕಳೆದರೆ ಕೈಯಲ್ಲಿ ಉಳಿಯುವುದನ್ನು ಗಂಡನಿಗೆ ಹೇಳಲೂ ನಾಚಿಕೆ.

ಕೊಟ್ಟೂರಿನಲ್ಲಿ ನನ್ನನ್ನು ಕರೆಸಿದ್ದ ನಿವೃತ್ತ ಗುಮಾಸ್ತರು ಬಾಗಿಲಲ್ಲೇ ನಿಂತರು. "ತಪ್ಪು ತಿಳಕಬ್ಯಾಡಮ್ಮ. ನಿನ್ನೆ ನಮ್ಮ ಮೇಸ್ತ್ರಿ ಬಂದು ನೋಡ್ಯಾನ. ಎಲ್ಲ ಚಲೋ ಐತಂತ. ಅವ ರೊಕ್ಕಾನೂ ಕೇಳಲಿಲ್ಲ." ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಕುಡಿದು ಎದ್ದೆ.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಒಂದು ಗಂಟೆ ಕಾದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಮಂಡಕ್ಕಿ, ಮಿರ್ಚಿ ತಿಂದು ಹಡಗಲಿಯ ಬಸ್ಸು ಹಿಡಿದೆ.

ಹಡಗಲಿಯಲ್ಲಿ ಮನೆ ತೋರಿಸಲು ಕರೆಸಿದ್ದ ಸುಜಾತಾ ಕಾಯುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್; ಗಂಡ, ಮಕ್ಕಳಿರುವವಳು. ಹನ್ನೆರಡು ವರ್ಷ ಸಂಬಳದಲ್ಲಿ ಉಳಿಸಿ, ಮೂರು ಕೋಣೆಯ ಹಳೆಯ ಮನೆಯೊಂದನ್ನು ಗೊತ್ತುಮಾಡಿಕೊಂಡಿದ್ದಳು. ಹಿಂದಿನ ಕೋಣೆಯಲ್ಲಿ ಏಣಿ ಹತ್ತಿ ಸುತ್ತಿಗೆಯಿಂದ ಛಾವಣಿಯನ್ನು ಮೆಲ್ಲಗೆ ಬಡಿದೆ. ಪೊಳ್ಳು ಸದ್ದು ಬಂತು. ಇನ್ನೊಮ್ಮೆ ಬಡಿದಾಗ ಹಲಗೆಯಷ್ಟು ಸಿಮೆಂಟು ಕಳಚಿ ಬಿತ್ತು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಬೆರಳಿಗೆ ಪುಡಿಯಾಗುತ್ತಿತ್ತು.

"ಈ ಛಾವಣಿ ಕೆಡವಿ ಹೊಸದು ಹಾಕಬೇಕು" ಎಂದೆ.

"ಅಷ್ಟು ರೊಕ್ಕ ಎಲ್ಲಿ ಐತ್ರಿ ನಮ್ಮ ಹತ್ರ? ಹಂಗ ಬರೀಬ್ಯಾಡ್ರಿ ಅಕ್ಕಾರ."

"ಬೇರೆ ಮನೆ ನೋಡು ಸುಜಾತಾ."

ಅವಳು ಬೀದಿಯ ಕಡೆ ನೋಡಿ ದನಿ ತಗ್ಗಿಸಿದಳು. "ಆರು ಮನಿ ಕೇಳೀನ್ರಿ. ಯಾವ ಜಾತಿ ಅಂತ ಗೊತ್ತಾದ ಕೂಡಲೆ ಮಾರಾಂಗಿಲ್ಲ ಅಂತಾರ. ಹ್ಞೂಂ ಅಂದೋರು ಇವರೊಬ್ರ."

ಏಣಿ ಮಡಚಿಟ್ಟು ಬರೆಯಲು ಕೂತೆ. ಆದರೂ ಕಂಡದ್ದನ್ನೇ ಬರೆದೆ. ಅವಳು ಎರಡು ಸಲ ಓದಿ, ಮಡಚಿ, ಹಣ ಮುಂದೆ ಹಿಡಿದಳು. ಬೇಡವೆಂದೆ. "ಕೆಲಸ ಮಾಡೀರಿ, ತಗೋರಿ" ಎಂದು ಅಂಗೈಗೆ ಒತ್ತಿದಳು.

ಊರಿಗೆ ಮರಳುವ ದಾರಿಯಲ್ಲಿ ಹರಪನಹಳ್ಳಿ ಮುಟ್ಟಿದಾಗ ಸಂಜೆ ಐದೂವರೆ. ಈ ಕಸುಬು ಇನ್ನು ಸಾಕೆನಿಸಿ, ತೇವ ಅಳೆಯುವ ಯಂತ್ರ ಕೊಂಡಿದ್ದ ಅಂಗಡಿಯಲ್ಲೇ ಅದನ್ನು ವಾಪಸು ಕೊಳ್ಳುತ್ತೀರಾ ಎಂದು ಕೇಳಿದೆ. "ನಾಲ್ಕು ಸಾವಿರ ಕೊಡ್ತೀನಿ ಮೇಡಂ. ಇದನ್ನ ಯಾರೂ ಕೇಳಲ್ಲ" ಎಂದ ಅಂಗಡಿಯವನು. ಒಪ್ಪಿದೆ. ಅವನು ನೋಟು ಎಣಿಸುತ್ತಿರುವಾಗ ಸುಜಾತಾಳ ಫೋನ್ ಬಂತು.

"ಅಕ್ಕಾರ, ಮುಂಗಡ ಕೊಟ್ಟುಬಂದೆ."

"ಅಯ್ಯೋ, ಆ ಹಿಂದಿನ ಕೋಣೆ?"

"ನೀವು ಹೇಳಿದ್ದು ಖರೇ ಐತ್ರಿ. ಅದಕ್ಕ ಮಕ್ಕಳನ್ನ ಪಡಸಾಲ್ಯಾಗ ಮಲಗಸ್ತೀವಿ. ಆ ಹಿಂದಿನ ಕೋಣ್ಯಾಗ ನಾವು ಗಂಡ ಹೆಂಡತಿ ಇಬ್ಬರ ಮಲಗ್ತೀವಿ."

ಹೊರಗೆ ಕೂಡ್ಲಿಗಿಯ ಬಸ್ಸು ಹಾರ್ನ್ ಹಾಕುತ್ತಿತ್ತು. ನೋಟುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದು, ಹತ್ತುವ ಮೊದಲು ಹಡಗಲಿಯ ರಸ್ತೆಯ ಕಡೆ ಒಮ್ಮೆ ತಿರುಗಿ ನೋಡಿದೆ.