ಗೊಬ್ಬರದ ಚೀಲದ ಮೇಲೆ ಕಲಸಿದ ಮಣ್ಣು

ಚಿಕ್ಕೋಡಿಯಿಂದ ಮಣ್ಣು ಪರೀಕ್ಷೆಯ ವರದಿ ತಂದ ದಿನ ನನ್ನ ಗಂಡ ಅದನ್ನು ಉಗಾರ ಬುದ್ರುಕದ ಅರ್ಧ ಊರಿಗೆ ತೋರಿಸಿದರು. ಹೊಲದಲ್ಲಿ ರಂಜಕ ಬೇಕಾದಷ್ಟಿದೆ, ಈ ಸಲ ಕಬ್ಬಿಗೆ ಅದನ್ನು ಕೊಡುವ ಡಿಎಪಿ ಗೊಬ್ಬರ ಬೇಡ ಎಂದು ಅದರಲ್ಲಿತ್ತು. ನನಗೂ ಹಿಗ್ಗಾಗಿತ್ತು.

ನಾಟಿ ಇನ್ನೇನು ಬಂದೇಬಿಟ್ಟಿತ್ತು. ಶೇಂಗಾ ಒಣಗಿಸಲೆಂದು ನಾನು ಅಂಗಳದಲ್ಲಿ ಖಾಲಿ ಡಿಎಪಿ ಚೀಲವೊಂದನ್ನು ಬಿಚ್ಚಿ ಹಾಸಿದೆ. ಕಟ್ಟೆಯ ಮೇಲಿದ್ದ ಅತ್ತೆ ರೇಗಿದರು: "ಚೀಲ ತೊಳಕೊಂಡು ಹಾಸವಾ, ಇಲ್ಲಾಂದ್ರ ಶೇಂಗಾಕ್ಕ ಗೊಬ್ಬರ ಹತ್ತತೈತಿ."

ನನ್ನ ಕೈ ಅಲ್ಲೇ ನಿಂತಿತು. ಹೊಲದಲ್ಲಿ ಅಲ್ಲಲ್ಲಿ ಅಗೆದ ಮಣ್ಣನ್ನು ಪರೀಕ್ಷೆಗೆ ಕಳಿಸುವ ಮೊದಲು ಗಂಡ ಇಂಥದ್ದೇ ಚೀಲದ ಮೇಲೆ ಸುರಿದು ಕಲಸಿದ್ದರು.

"ಅವತ್ತ ಆ ಚೀಲ ತೊಳದಿದ್ರೇನ್ರಿ?" ಎಂದು ಒಳಗಿದ್ದ ಗಂಡನನ್ನು ಕೇಳಿದೆ.

"ಮಣ್ಣ ಹಾಕೂ ಚೀಲಾನ ಯಾರರೆ ತೊಳೀತಾರೇನು?" ಎಂದು ನಕ್ಕರು.

ವರದಿಯಲ್ಲಿದ್ದ ರಂಜಕ ನಮ್ಮ ಹೊಲದ್ದೋ, ಚೀಲದ ಮೂಲೆಯಲ್ಲಿ ಉಳಿದಿದ್ದ ಗೊಬ್ಬರದ್ದೋ? ಡಿಎಪಿ ನಾಟಿಯ ಹೊತ್ತಿಗೇ ಸಾಲಿನ ಬುಡಕ್ಕೆ ಬೀಳಬೇಕು. ಕಬ್ಬು ಸೊರಗಿದ ಮೇಲೆ ಗೊತ್ತಾಗಿ ಏನು ಬಂತು?

ನಾನೇ ಬಕೆಟ್ ತಿಕ್ಕಿ ತೊಳೆದುಕೊಂಡು ಹೊಲಕ್ಕೆ ಹೋದೆ. ಹೊಸದಾಗಿ ಮಣ್ಣು ತೆಗೆಯುತ್ತಿದ್ದಾಗ ಬದುವಿನಾಚೆಯ ಹೊಲದ ಕಾಕಾ ಕಂಡರು. ಹಿಂದಿನ ದಿನವಷ್ಟೇ ನಾಟಿ ಮುಗಿಸಿ ನೀರು ಹಾಯಿಸುತ್ತಿದ್ದರು. ನನ್ನನ್ನು ನೋಡಿ ಖುಷಿಯಿಂದ ಕೂಗಿದರು:

"ನಿಮ್ಮ ರಿಪೋರ್ಟ್ ನೋಡಿ ನಾನೂ ಡಿಎಪಿ ಹಾಕ್ಲಿಲ್ಲವಾ. ನಿಮ್ದೂ ನಮ್ದೂ ಒಂದ ಮಣ್ಣಲ್ಲೇನು?"